ತುಟಿ ಜುಮ್ಮೆಂದಾಗ

ಇಲೋಯಿಲೋ ಊರಿನ ಮದುವೆಗಳಲ್ಲಿ ಮಾರಿವಿಕ್ ಹಾಡಲು ನಿಂತರೆ ತಟ್ಟೆಯಲ್ಲಿನ ಹಂದಿಮಾಂಸ ಆರಿಹೋದರೂ ಜನ ಕೈ ಹಾಕುತ್ತಿರಲಿಲ್ಲ. ಮಕ್ಕಳಾದ ಮೇಲೆ ಅವಳ ಗೌನುಗಳ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುತ್ತಿದ್ದವಳು ಪಕ್ಕದ ಮನೆಯ ನಾನೇ. "ಗಂಟಲು ದಪ್ಪ ಆಗಿಲ್ವಲ್ಲಕ್ಕಾ, ಸಾಕು ಬಿಡು" ಎನ್ನುತ್ತಿದ್ದಳು.

ಒಂದು ದಿನ ಬ್ಯಾಂಡಿನ ಯಜಮಾನ ಎರ್ನೆಲ್ ಎಲ್ಲರೆದುರು, "ಹಾಡೋಳೇ ಸ್ಟೇಜ್ ತುಂಬ್ಕೊಂಡ್ರೆ ಮದುಮಗಳು ಎಲ್ಲಿ ನಿಲ್ಲಬೇಕು?" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮರುವಾರವೇ ನನ್ನನ್ನು ಜೊತೆಗೆ ಕರೆದುಕೊಂಡು ಬ್ಯೂಟಿ ಪಾರ್ಲರಿನ ಮಹಡಿಯ ಮೇಲಿದ್ದ ಕ್ಲಿನಿಕ್ಕಿಗೆ ಹೋದಳು.

ಕೊಬ್ಬು ಹೀರಿ ತೆಗೆಯಲು ಪ್ರಜ್ಞೆ ತಪ್ಪಿಸುವುದಿಲ್ಲ, ಆ ಜಾಗವನ್ನಷ್ಟೇ ಮರಗಟ್ಟಿಸುತ್ತೇವೆ, ಅಪಾಯವೇ ಇಲ್ಲ ಎಂದ ಡಾಕ್ಟರ್. ಮದ್ದಿನ ಅಳತೆಗೆ ಬೇಕಾದ ಅವಳ ತೂಕವನ್ನೂ ನೋಡಲಿಲ್ಲ. ಹೊಟ್ಟೆಗೆಂದು ಬಂದವಳಿಗೆ, "ಬಂದದ್ದು ಬಂದಿದ್ದೀರಿ, ತೋಳು ತೊಡೇನೂ ಮುಗಿಸಿಬಿಡೋಣ" ಎಂದ. ಮರಗಟ್ಟಿಸುವ ಮದ್ದು ಬೆರೆಸಿದ ನೀರು ಚೀಲಗಟ್ಟಲೆ ಚರ್ಮದಡಿಗೆ ಹೋಯಿತು. ನಾನು ಅವಳ ತಲೆಯ ಬಳಿ ಕೂತಿದ್ದೆ.

"ಅಕ್ಕಾ, ತುಟಿ ಜುಮ್ ಅಂತಿದೆ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ."

ಡಾಕ್ಟರಿಗೆ ಹೇಳಿದೆ. "ಹೆದರಿಕೆ, ಅಷ್ಟೆ. ಎಲ್ಲಿ, ಒಂದು ಹಾಡು ಹೇಳಮ್ಮ" ಎನ್ನುತ್ತಾ ತೊಡೆಗೆ ಇನ್ನೊಂದು ಸೂಜಿ ಚುಚ್ಚಿದ.

ಪಾಪ, ಹಾಡಿದಳು. ಎರಡನೇ ಸಾಲಿಗೆ ನಾಲಿಗೆ ತೊಡರಿತು. "ಕಿವೀಲಿ ಗಂಟೆ ಹೊಡೀತಿದೆ" ಎಂದವಳ ಕಣ್ಣು ಮೇಲೆ ಸಿಕ್ಕಿಕೊಂಡು ಮೈ ಸೆಟೆದು ಅದುರತೊಡಗಿತು. ಅಲ್ಲಿ ಆಮ್ಲಜನಕವಿರಲಿಲ್ಲ, ಬೇಕಾದ ಔಷಧವೂ ಇರಲಿಲ್ಲ. ಆತ ಕೆನ್ನೆ ತಟ್ಟುತ್ತಾ "ಏಳಮ್ಮ, ಏಳು" ಎನ್ನುತ್ತಿದ್ದ.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಅವಳ ಹೃದಯ ನಿಂತಿತು. ಎದೆ ಒತ್ತುತ್ತಲೇ ಹಾಲಿನಂಥ ಬಿಳಿಯ ಡ್ರಿಪ್ ಏರಿಸಿದರು. ಅದೂ ಕೊಬ್ಬೇ ಅಂತೆ. ರಕ್ತಕ್ಕೆ ಸೇರಿದ ಮದ್ದನ್ನು ಹಿಡಿದುಕೊಳ್ಳುತ್ತದಂತೆ.

"ತುಟಿ ಜುಮ್ ಅಂದಿದ್ದು ಭಯ ಅಲ್ಲ, ಮದ್ದು ತಲೆಗೇರಿದ್ದು. ಅಲ್ಲಿಗೇ ನಿಲ್ಲಿಸಿದ್ರೆ ಇಷ್ಟಾಗ್ತಿರ್ಲಿಲ್ಲ" ಎಂದಳು ಅಲ್ಲಿನ ಡಾಕ್ಟರಮ್ಮ.

ಜೀವ ಮರಳಿತು, ಮಾತು ಪೂರ್ತಿ ಮರಳಲಿಲ್ಲ. ರಾಗ ನೆನಪಿದೆ, ಪದ ಬಾಯಲ್ಲೇ ಕರಗುತ್ತದೆ. ಎರ್ನೆಲ್ ಮಾವಿನಹಣ್ಣು ತಂದಿಟ್ಟು, ಅವಳ ಮುಖ ನೋಡದೆ ಹೋದ. ಆ ವಾರವೇ ಬೇರೆ ಹಾಡುಗಾರ್ತಿ ಬಂದಳು.

ಕ್ಲಿನಿಕ್ ಮುಚ್ಚಿತು. ಕೆಲವು ತಿಂಗಳ ಮೇಲೆ ಮಾರುಕಟ್ಟೆಯ ಹಿಂದೆ ಬೇರೆ ಹೆಸರಿನಲ್ಲಿ ತೆರೆಯಿತು. ಸುದ್ದಿ ಕೇಳಿದ್ದೇ ಮಾರಿವಿಕ್ ನನ್ನ ತೋಳು ಹಿಡಿದು ಹೊರಟಳು. ಮೆಟ್ಟಿಲು ಹತ್ತುತ್ತಿದ್ದ ಹುಡುಗಿಯೊಬ್ಬಳಿಗೆ ಅಡ್ಡ ನಿಂತು, "ಬೇ... ಬೇಡ... ಹೋಗ್..." ಎಂದು ತೊದಲಿದಳು.

"ಬೆಳಿಗ್ಗೇನೇ ಕುಡಿಸಿದ್ದೀರಲ್ಲ ಇವರಿಗೆ" ಎಂದಳು ಹುಡುಗಿ.

"ಕುಡಿದಿಲ್ಲ ಕಣಮ್ಮ" ಎಂದು ನಡೆದದ್ದೆಲ್ಲ ಹೇಳಿದೆ. ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡೇ ಕೇಳಿಸಿಕೊಂಡಳು. "ನನಗೆ ಸೊಂಟ ಮಾತ್ರ ಆಂಟಿ" ಎಂದು ಹತ್ತಿಹೋದಳು.

ಮಾರಿವಿಕ್ ಅಲ್ಲೇ ಕುಸಿದು ಕೂತಳು. ಎಬ್ಬಿಸಿದರೂ ಏಳಲಿಲ್ಲ. ಕಾವಲುಗಾರ ಬಂದು ಇಬ್ಬರನ್ನೂ ಓಡಿಸಿದ.