ನಲವತ್ತನೆಯ ಪೆಟ್ಟಿಗೆ

ಅಪ್ಪ ಮೂವತ್ತು ವರ್ಷ ಪುಣೆಯ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಎಲ್ಲರೂ ಅವರನ್ನು ದಿವಾಣಜಿ ಅಂತಲೇ ಕರೆಯುತ್ತಿದ್ದರು. ಅಂಗಡಿಯ ಕೆಲಸದ ಜೊತೆಗೆ ಹಮಾಲರ ಪಾಳಿಯ ಹಲಗೆಯನ್ನೂ ಅವರ ತಲೆಗೆ ಕಟ್ಟಿದ್ದರು. ಲಾರಿ ಬಂದಾಗ ಹಮಾಲರ ಯಾವ ಗುಂಪು, ಅಂದರೆ ಯಾವ ಟೋಳಿ, ಮೂಟೆ ಇಳಿಸಬೇಕು ಎಂಬುದನ್ನು ಹೊರಗೋಡೆಯ ಕರಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯಬೇಕು. ಹಮಾಲರಲ್ಲಿ ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಅದಕ್ಕೆ ಅಪ್ಪ ಒಂದೊಂದು ಟೋಳಿಗೆ ಒಂದೊಂದು ಚಿತ್ರ ಬರೆಯುತ್ತಿದ್ದರು: ಮೀನು, ಸೂರ್ಯ, ಗಾಲಿ, ಕೊಡಲಿ. ಶಾಲೆ ಬಿಟ್ಟಮೇಲೆ ನಾನು ಅಲ್ಲಿಗೆ ಹೋಗಿ, ಚೀಲದ ಮೇಲೆ ಕೂತು ಸೀನುತ್ತಾ ಅದನ್ನು ನೋಡುತ್ತಿದ್ದೆ. ಅಪ್ಪನ ಮೀನು ಬದನೆಕಾಯಿಯ ಹಾಗೆ ಕಾಣುತ್ತಿತ್ತು, ಆದರೂ ಆ ಹಲಗೆಯ ಕೆಳಗೆ ಜಗಳ ಆಗಿದ್ದನ್ನು ನಾನು ನೋಡಿಲ್ಲ.

ಒಮ್ಮೆ ಮಾಲೀಕರು ತಮಗೆ ಬೇಕಾದ ಟೋಳಿಯನ್ನು ಪಾಳಿ ತಪ್ಪಿಸಿ ಮೇಲಕ್ಕೆ ಬರೆಯಲು ಹೇಳಿದರಂತೆ. ಅಪ್ಪ ಸೀಮೆಸುಣ್ಣವನ್ನು ಅವರ ಮೇಜಿನ ಮೇಲಿಟ್ಟು, ನೀವೇ ಬರೀರಿ ಅಂದು ಮನೆಗೆ ಬಂದುಬಿಟ್ಟಿದ್ದರು. ಆ ರಾತ್ರಿ ಅವ್ವ ಊಟ ಮಾಡಲಿಲ್ಲ. ಮರುದಿನ ಮಾಲೀಕರೇ ಕರೆಸಿಕೊಂಡರು.

ಸೂರ್ಯನ ಚಿತ್ರದ ಟೋಳಿಯ ಮುಖಂಡರು ಯಾದಗಿರಿ ಕಡೆಯವರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ನಮ್ಮದು ವಿಜಾಪುರದ ಕಡೆ, ಆದರೆ ಇಬ್ಬರ ಮನೆದೇವರೂ ಮೈಲಾರಲಿಂಗ. ಪುಣೆಗೆ ಬಂದವರಿಗೆ ಜೇಜುರಿಯ ಖಂಡೋಬನೇ ಮೈಲಾರ, ಹಾಗಾಗಿ ಇಬ್ಬರೂ ವರ್ಷಕ್ಕೊಮ್ಮೆ ಕೂಡಿಯೇ ಜೇಜುರಿಗೆ ಹೋಗುತ್ತಿದ್ದರು. ಅಪ್ಪನ ಮೊಣಕಾಲು, ಕಾಕಾನ ಬೆನ್ನು ಎರಡೂ ಕೈಕೊಟ್ಟ ವರ್ಷ ಅರ್ಧ ಮೆಟ್ಟಿಲು ಹತ್ತಿ, ಅಲ್ಲಿಂದಲೇ ಕೈಮುಗಿದು ವಾಪಸು ಬಂದರು. ಮತ್ತೆ ಹೋಗಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಗರಪಟ್ಟಾದಲ್ಲಿ, ಆನ್‌ಲೈನ್ ಆಟಗಳನ್ನು ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಅವ್ವ ತೀರಿಹೋಗಿ ಎರಡು ವರ್ಷವಾಗಿತ್ತು. ನಿವೃತ್ತರಾದ ಅಪ್ಪ ಹಗಲೆಲ್ಲ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ಆಫೀಸಿನ ಹಳೇ ಕಂಪ್ಯೂಟರ್ ಒಂದನ್ನು ಮನೆಗೆ ತಂದು ನಮ್ಮದೇ ಆಟ ಹಾಕಿಕೊಟ್ಟೆ. ಎಲ್ಲೆಲ್ಲಿಯದೋ ಜನ ಸೇರಿ ಕೋಟೆ ಕಟ್ಟಿ, ಸೈನ್ಯ ಕಳಿಸಿ ಆಡುವ ಆಟ. ಸಂಜೆ ಸೈನ್ಯ ಕಳಿಸಿದರೆ ಬೆಳಿಗ್ಗೆ ಹೊತ್ತಿಗೆ ಅದು ಒಂದು ಪೆಟ್ಟಿಗೆ ಹೊತ್ತು ತರುತ್ತದೆ. ತೆರೆದರೆ ಏನು ಬರುತ್ತದೋ ಅದು ಅದೃಷ್ಟ. ಸಾಮಾನ್ಯವಾಗಿ ಜೋಳದ ಮೂಟೆ, ಹಗ್ಗ, ನಾಲ್ಕು ಬಾಣ. ಅಪರೂಪಕ್ಕೆ ಬಿಳಿ ಕುದುರೆ.

ಒಂದು ಸಂಜೆ ಕಾಕಾ ಅಪ್ಪನನ್ನು ಮಾತಾಡಿಸಲು ಬಂದರು, ಪರದೆಯ ಮೇಲೆ ಬಹುಮಾನಗಳ ಸಾಲಿನಲ್ಲಿ ಬಿಳಿ ಕುದುರೆಯ ಚಿತ್ರ ಕಂಡರು, ಅಲ್ಲೇ ಕೂತುಬಿಟ್ಟರು. ಖಂಡೋಬನ ವಾಹನ ಬಿಳಿ ಕುದುರೆ. ಮೆಟ್ಟಿಲು ಹತ್ತಲಾಗದ ನಮ್ಮ ಮನೆಗೆ ದೇವರು ಕುದುರೆ ಕಳಿಸಿದರೆ ಬೇಡ ಅನ್ನಬೇಕೇನು ಅಂತ ತಮಾಷೆ ಮಾಡಿದರು. ತಮಾಷೆ ಎಂದು ಶುರುವಾದದ್ದು ಹಾಗೆ ಉಳಿಯಲಿಲ್ಲ. ದಿನಾ ಸಂಜೆ ಐದಕ್ಕೆ ಕಾಕಾ ಬರತೊಡಗಿದರು. ಅಪ್ಪ ನಾಲ್ಕೂವರೆಗೇ ಅಂಗಿ ಬದಲಿಸಿ ಕಾಯುತ್ತಿದ್ದರು. ಅವ್ವ ಹೋದಮೇಲೆ ಅಪ್ಪನ ದಿನಕ್ಕೆ ಇದ್ದ ಆಧಾರ ಅದೊಂದೇ, ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಇಬ್ಬರದೂ ಒಂದೇ ಖಾತೆ. ಪೆಟ್ಟಿಗೆ ಒಂದು, ಕೈ ಎರಡು. ಪಾಳಿ ಹಚ್ಚೋಣ್ರಿ ಅಂದವರು ಕಾಕಾನೇ. ಒಂದು ದಿನ ಅಪ್ಪ, ಒಂದು ದಿನ ಕಾಕಾ. ತಮ್ಮ ಪಾಳಿಯ ದಿನ ಕಾಕಾ ಜೇಬಿನ ಪೊಟ್ಟಣದಿಂದ ಚಿಟಿಕೆ ಭಂಡಾರ ತೆಗೆದು ಮೌಸಿಗೆ ಹಚ್ಚಿ ಒತ್ತುತ್ತಿದ್ದರು. ಮೌಸ್ ಅರಿಶಿನದ ಕೊಂಬಿನ ಬಣ್ಣಕ್ಕೆ ತಿರುಗಿತು. ಪ್ರತಿ ಸಲ ಮೂಟೆಯೇ ಬರುತ್ತಿತ್ತು. ಜೀವನವೆಲ್ಲ ಹೊತ್ತದ್ದು ಸಾಲದು ಅಂತ ಇಲ್ಲೂ ಮೂಟೇನೇ ಕೊಡ್ತಾನ ನೋಡ್ರಿ ಅಂತ ಕಾಕಾ ನಗುತ್ತಿದ್ದರು.

ಆಫೀಸಿನಲ್ಲಿ ಆಗ ನನ್ನ ಕೆಲಸವೇ ಆ ಪೆಟ್ಟಿಗೆ. ಆಡುವವರ ದೂರುಗಳು ರಾಶಿ ಬೀಳುತ್ತಿದ್ದವು. ಒಬ್ಬನಿಗೆ ಮೂರು ದಿನದಲ್ಲಿ ಎರಡು ಕುದುರೆ, ಇನ್ನೊಬ್ಬನಿಗೆ ಆರು ತಿಂಗಳಾದರೂ ಬಾಲವೂ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದರೆ ಇದೇ. ನಾನು ಹಟ ಹಿಡಿದು ಒಂದು ನಿಯಮ ಮಾಡಿಸಿದೆ: ಮೂವತ್ತೊಂಬತ್ತು ಪೆಟ್ಟಿಗೆ ಕುದುರೆಯಿಲ್ಲದೆ ಹೋದರೆ ನಲವತ್ತನೆಯದರಲ್ಲಿ ಕುದುರೆ ಬರಲೇಬೇಕು. ಈ ಎಣಿಕೆಯನ್ನು ಆಡುವವರಿಗೂ ತೋರಿಸೋಣ ಎಂದೆ. ನಮ್ಮ ಮೇಲಿನವರು ಒಪ್ಪಲಿಲ್ಲ. ಗೊತ್ತಾದರೆ ಆಟದ ಮಜಾ ಹೋಗುತ್ತದೆ, ನಿಯಮ ಇರಲಿ, ಎಣಿಕೆ ಒಳಗೇ ಇರಲಿ ಎಂದರು. ಅರ್ಧ ಗೆದ್ದೆನಲ್ಲ ಅಂತ ನಾನೂ ಸುಮ್ಮನಾದೆ. ಗೋಡೆಯ ಹೊರಗೆ ತೂಗುಹಾಕಿದ ಹಲಗೆ ನೋಡುತ್ತಾ ಬೆಳೆದವಳು ಅಲ್ಲಿ ಸುಮ್ಮನಾಗಬಾರದಿತ್ತು.

ನಿಯಮ ಜಾರಿಗೆ ಬಂದು ಐದಾರು ವಾರ ಕಳೆದ ಮೇಲೆ, ಒಂದು ಬುಧವಾರ, ಆಫೀಸಿನಲ್ಲಿ ಕೂತು ನಮ್ಮ ಮನೆಯ ಖಾತೆ ತೆಗೆದು ನೋಡಿದೆ. ಯಾರೂ ನೋಡು ಅಂದಿರಲಿಲ್ಲ. ಅಪ್ಪ ಆ ಸಂಜೆ ತೆರೆಯುವುದು ಮೂವತ್ತೊಂಬತ್ತನೆಯದು. ನಲವತ್ತನೆಯದು ಗುರುವಾರ. ಗುರುವಾರ ಕಾಕಾನ ಪಾಳಿ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಉರಿಯಿತು. ಅಪ್ಪ ಅಷ್ಟು ದಿನ ಕಾದದ್ದು ಒಂದೇ ದಿನದ ಅಂತರದಲ್ಲಿ ಬೇರೆಯವರ ಕೈಗೆ ಹೋಗುತ್ತದಲ್ಲ ಅನಿಸಿತು. ಕಾಕಾ ಕೂಡ ಅಷ್ಟೇ ದಿನ ಕಾದಿದ್ದರು ಎಂಬುದು ತಲೆಗೆ ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆಯಿತು, ಬದಿಗೆ ಸರಿಸಿದೆ. ಗುರುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಅಪ್ಪನಿಗೆ, ಇವತ್ತು ಸಂಜೆ ತನಕ ಕಾಯಬೇಡ, ಈಗಲೇ ತೆಗೆ ಎಂದೆ. ಇವತ್ತು ಅವನ ಪಾಳಿ ಅಂದರು. ಹೇಳಿದ್ದು ಕೇಳಪ್ಪಾ, ಒಂದು ದಿನಕ್ಕೆ ಏನಾಗುತ್ತೆ ಅಂತ ಗದರಿದೆ. ಅವ್ವ ಹೋದಮೇಲೆ ಅಪ್ಪ ನನ್ನ ಮಾತಿಗೆ ಎದುರಾಡುವುದನ್ನು ಬಿಟ್ಟಿದ್ದರು. ಮಾಲೀಕರ ಮೇಜಿನ ಮೇಲೆ ಸೀಮೆಸುಣ್ಣ ಇಟ್ಟು ಬಂದ ಮನುಷ್ಯ ಮಗಳ ಮಾತಿಗೆ ಮೌಸ್ ಒತ್ತಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ನಿಯಮ ಮಾಡಿದವಳೇ ಅದನ್ನು ಮುರಿದೆ.

ಆ ಸಂಜೆ ಬೇಗ ಮನೆಗೆ ಬಂದೆ. ಇಬ್ಬರ ಮುಖ ನೋಡುವ ಆಸೆ ನನಗೆ. ಐದಕ್ಕೆ ಕಾಕಾ ಬಂದರು. ಪರದೆಯ ಮೇಲೆ ಕುದುರೆ ನಿಂತಿತ್ತು. ಕಾಕಾ ಎರಡೂ ಕೈ ಜೋಡಿಸಿ, ಭಂಡಾರದ ಪೊಟ್ಟಣ ಬಿಚ್ಚಿ ಪರದೆಗೆ, ಅಪ್ಪನ ಹಣೆಗೆ, ನನ್ನ ಹಣೆಗೆ ಹಚ್ಚಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಕುರ್ಚಿ ಎಳೆದು ಕೂತು, ಬೆರಳು ಮಡಚಿ ಏನೋ ಎಣಿಸಿದರು.

"ದಿವಾಣಜೀ, ಇವತ್ತ ಪಾಳಿ ನಂದು ಇತ್ತಲ್ರಿ?"

ಅಪ್ಪ ತಲೆ ತಗ್ಗಿಸಿದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಾಕಾ ಚಹಾ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ ನೋಡಿದರು. ನಾನು ಎಂಥ ಕೆಲಸ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು.

"ಮಗಳು ಹೇಳಿದ್ಳೇನ್ರಿ?"

ನಾನು ಚಹಾದ ಲೋಟ ಅವರ ಮುಂದಿಟ್ಟೆ. ಇರಲಿ ಬಿಡ್ರಿ, ಯಾರ ಕೈಲೆ ಬಂದ್ರೇನು ಅಂದರು ಕಾಕಾ. ಚಹಾ ಭಾಳ ಚಲೋ ಆಗ್ಯದ ಯವ್ವಾ ಅಂತ ನನಗೂ ಹೇಳಿ, ಪೂರ್ತಿ ಕುಡಿದೇ ಹೋದರು. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ, ನಾನು ಬೀಳಲಿಲ್ಲ. ಇವತ್ತಿಗೂ ನನ್ನನ್ನು ಸುಡುವುದು ಅದೇ.

ಆಮೇಲೂ ಬರುತ್ತಿದ್ದರು. ಆದರೆ ಮೌಸ್ ಮುಟ್ಟಲಿಲ್ಲ. ಪಾಳಿ ನಿಂದದ ಎಂದು ಅಪ್ಪ ಮುಂದೆ ಸರಿಸುತ್ತಿದ್ದರು, ನೀವ ತೆಗೀರಿ ಎಂದು ಅವರು ಹಿಂದೆ ಸರಿಸುತ್ತಿದ್ದರು. ಮೂವತ್ತು ವರ್ಷದ ಸ್ನೇಹದಲ್ಲಿ ಅವರಿಬ್ಬರೂ ದಿವಾಣಜಿ ಮತ್ತು ಹಮಾಲ ಆಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರಬರುತ್ತಾ ವಾರಕ್ಕೆರಡು ದಿನವಾಯಿತು, ಆಮೇಲೆ ಒಂದಾಯಿತು. ದೀಪಾವಳಿ ಆದಮೇಲೆ ಕಾಕಾ ಮಗನ ಜೊತೆ ಸೋಲಾಪುರಕ್ಕೆ ಹೋದರು. ನಾಲ್ಕು ತಿಂಗಳಿಗೆ ಅಲ್ಲೇ ತೀರಿಕೊಂಡರು. ಮಗ ಫೋನ್ ಮಾಡಿದಾಗ ದಿನಕರ್ಮವೆಲ್ಲ ಮುಗಿದಿತ್ತು. ಅಪ್ಪ ಫೋನ್ ಇಟ್ಟು, ಇನ್ನೂ ನಾಲ್ಕೂವರೆ ಆಗಿರಲಿಲ್ಲ, ಎದ್ದು ಅಂಗಿ ಬದಲಿಸಿ ಬಂದು ಕೂತರು.

ನಾನು ಆ ಖಾತೆಯನ್ನು ಮತ್ತೆ ತೆಗೆದು ನೋಡಿರಲಿಲ್ಲ, ಧೈರ್ಯವಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಆಟಕ್ಕೆ ಜನ ಕಡಿಮೆಯಾಗಿ, ಅದನ್ನು ಮುಚ್ಚುವುದೆಂದಾಯಿತು. ಕೊನೆಯ ವಾರ ಆಫೀಸಿನ ಹುಡುಗಿಯೊಬ್ಬಳು ಬಂದು, ಒಂದು ಖಾತೆಯಲ್ಲಿ ಏನೋ ದೋಷವಿದೆ, ಒಂದು ದಿನದ ಪೆಟ್ಟಿಗೆ ತೆರೆಯುತ್ತದೆ, ಮರುದಿನದ್ದು ಹಾಗೇ ಉಳಿಯುತ್ತದೆ, ನೂರಕ್ಕೂ ಹೆಚ್ಚು ಬಿದ್ದಿವೆ ಎಂದಳು. ನೋಡಿದೆ. ಅದು ನಮ್ಮ ಮನೆಯದೇ ಖಾತೆ, ಕುದುರೆ ಬಂದ ಮರುದಿನದಿಂದ ಹಾಗೇ ನಡೆದಿತ್ತು. ದೋಷ ಅಲ್ಲ ಎಂದಷ್ಟೇ ಹೇಳಿ ಎದ್ದು ಮನೆಗೆ ಬಂದೆ.

ಕೊನೆಯ ಸಂಜೆ ಅಪ್ಪನ ಪಕ್ಕದಲ್ಲಿ ಕೂತು, ನಾಳೆಯಿಂದ ಇದು ಇರುವುದಿಲ್ಲ, ಉಳಿದವನ್ನೆಲ್ಲ ತೆಗೆದುಬಿಡು ಎಂದೆ. ಅಪ್ಪ ತಲೆಯಾಡಿಸಿದರು.

"ಅವು ಅವನ ಪಾಳಿವು. ನಾ ಹ್ಯಾಂಗ ಮುಟ್ಟಲಿ?"

ಆಮೇಲೆ ಪರದೆಯ ಕಡೆ ಕೈ ತೋರಿಸಿ, ಅದರೊಳಗೆ ಏನಿದೆ, ನಿನಗೆ ಗೊತ್ತಿರಬೇಕಲ್ಲ ಎಂದು ಕೇಳಿದರು. ತೆರೆಯುವ ತನಕ ಪೆಟ್ಟಿಗೆಯಲ್ಲಿ ಏನೂ ಇರುವುದಿಲ್ಲ, ಒತ್ತಿದ ಆ ಗಳಿಗೆಯಲ್ಲೇ ಎಲ್ಲ ತೀರ್ಮಾನವಾಗುತ್ತದೆ. ಇದನ್ನು ಅಪ್ಪನಿಗೆ ಹೇಳಲಾಗಲಿಲ್ಲ. ಗೊತ್ತಿಲ್ಲಪ್ಪಾ ಎಂದೆ.

"ಅವತ್ತ ಗೊತ್ತಿತ್ತು ನಿನಗ," ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಗೊತ್ತಿದ್ರ ಎಲ್ಲಾರಿಗೂ ಗೊತ್ತಿರಬೇಕು. ಇಲ್ಲಂದ್ರ ಯಾರಿಗೂ ಗೊತ್ತಿರಬಾರದು. ಅದಕ್ಕ ನಾ ಹಲಗಿ ಹೊರಗ ಹಾಕ್ತಿದ್ದೆ."

ಅವತ್ತು ಕೂಡ ಕಾಕಾನ ಪಾಳಿಯೇ ಇತ್ತು. ಪೆಟ್ಟಿಗೆಯನ್ನು ಹಾಗೇ ಬಿಟ್ಟು ನಾನು ಕಂಪ್ಯೂಟರ್ ಆರಿಸಿದೆ.