ನಾಲ್ಕನೆಯ ಸುತ್ತಿನ ಕೊಸರು

ಕೊತ್ತಂಬರಿ ಸೊಪ್ಪಿನ ವಾಸನೆ ಬಂದರೆ ಲೋಕಕ್ಕೆ ಸಾರು ನೆನಪಾಗುತ್ತದೆ. ನನಗೆ ಪ್ರೋಗ್ರೆಸಿವ್ ಮೆಟಲ್ ಎಂಬ ಅಬ್ಬರದ ಗಿಟಾರು-ಡ್ರಮ್ಮಿನ ಸಂಗೀತ ನೆನಪಾಗುತ್ತದೆ. ಇದು ಕಾಯಿಲೆಯಲ್ಲ. ವೈದ್ಯರನ್ನು ಕೇಳಿಲ್ಲ, ಆದರೂ ಅಲ್ಲವೆಂದೇ ನನ್ನ ನಂಬಿಕೆ. ಈವತ್ತು ಬೆಳಿಗ್ಗೆ ಗಂಗಾನಗರದ ನಮ್ಮ ರಸ್ತೆಗೆ ಸೊಪ್ಪಿನ ಗಾಡಿ ತಳ್ಳಿಕೊಂಡು ಬರುವ ಲಕ್ಷ್ಮಮ್ಮ ನನ್ನ ಚೀಲಕ್ಕೆ ದಂಟಿನ ಸೊಪ್ಪು ಹಾಕಿದಳು. ಆಮೇಲೆ, ನಾನು ಕೇಳದಿದ್ದರೂ, ಅದರ ಮೇಲೆ ನಾಲ್ಕು ಎಳೆ ಕೊತ್ತಂಬರಿ ಇಟ್ಟಳು. ಕೊಸರು. ಕೊಂಡದ್ದು ಕೊಂಡಾದ ಮೇಲೆ, ಮಾರುವವರು ತಾವಾಗಿ ಹಾಕುವ ಆ ಒಂದು ಚೂರು. ವಾಸನೆ ಮೂಗಿಗೆ ತಾಕಿದ್ದೇ ತಡ, ನನ್ನ ಬಲಗೈ ತಾನಾಗಿಯೇ ತೊಡೆಯ ಮೇಲೆ ತಟ್ಟತೊಡಗಿತು.

“ಏನ್ ಸಾರ್, ಸೊಳ್ಳೆನಾ?” ಎಂದಳು.

“ಇಲ್ಲಮ್ಮ, ಸಂಗೀತ” ಎಂದೆ. ಆಕೆ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದು ಬೇಡ.

ನಿಮಗೆ ನನ್ನ ಸಂಗೀತಜ್ಞಾನದ ಪರಿಚಯವಿಲ್ಲದಿದ್ದರೆ ಅದು ನಿಮ್ಮ ಪುಣ್ಯ. ನಮ್ಮ ಕಡೆ ಮನೆಮನೆಗೆ ಪುಕ್ಕಟೆಯಾಗಿ ಹಂಚುವ ಒಂದು ಮಾಸಪತ್ರಿಕೆಯಲ್ಲಿ ನಾನು ಬಹಳ ವರ್ಷಗಳಿಂದ ಕಚೇರಿಗಳ ವಿಮರ್ಶೆ ಬರೆಯುತ್ತಿದ್ದೇನೆ. ಅದನ್ನು ಓದುವವರು ಇಬ್ಬರು: ನಾನು, ಮತ್ತು ಕರಡು ತಿದ್ದುವವರು. ಎರಡನೆಯವರ ಬಗ್ಗೆ ನನಗೆ ಖಾತ್ರಿಯಿಲ್ಲ. ಆದರೂ ರಾಮನವಮಿಯ ಚಪ್ಪರದಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತು, ಮುಖ ಗಂಟಿಕ್ಕಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದರೆ ಹಾಡುವವರು ಒಂದು ಗುಟುಕು ನೀರು ಹೆಚ್ಚಾಗಿ ಕುಡಿಯುತ್ತಾರೆ ಎಂದು ಪ್ರತೀತಿ. ಪ್ರತೀತಿಯನ್ನು ಹಬ್ಬಿಸಿದವನು ನಾನೇ.

ಇಷ್ಟು ಹೇಳಿದ ಮೇಲೆ ಒಂದು ದೌರ್ಬಲ್ಯವನ್ನೂ ಹೇಳಿಬಿಡಬೇಕು. ಕಚೇರಿಯ ನಡುವೆ ಗಾಯಕರು ಸುಮ್ಮನಾಗಿ, ಮೃದಂಗದವರಿಗೂ ಘಟದವರಿಗೂ ರಂಗ ಬಿಟ್ಟುಕೊಡುತ್ತಾರಲ್ಲ, ಆ ತನಿ ಆವರ್ತನ ಶುರುವಾದ ತಕ್ಷಣ ನಾನು ಎದ್ದು ಕಾಫಿಗೆ ಹೋಗುತ್ತೇನೆ. ನಾನೊಬ್ಬನೇ ಅಲ್ಲ, ಅರ್ಧ ಸಭೆಯೇ ಏಳುತ್ತದೆ. ಆ ಹೊತ್ತಿಗೆ ಹೋಗದಿದ್ದರೆ ಬಿಸಿ ಬೋಂಡಾ ಮುಗಿದುಹೋಗಿರುತ್ತದೆ. ಹೀಗೆ ಮೂವತ್ತು ವರ್ಷ ಲಯವಾದ್ಯಗಳಿಗೆ ಬೆನ್ನು ತೋರಿಸಿ ಬೋಂಡಾ ತಿಂದವನು ಒಬ್ಬ ಡ್ರಮ್ ವಾದಕಿಯ ಹಣೆಬರಹ ಬರೆಯಲು ಕೂತೆ ನೋಡಿ, ಅದು ಈಗ ಹೇಳಹೊರಟಿರುವ ಕತೆ.

ಮೂರ್ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮಾಳಿಗೆಯ ಮನೆಯಲ್ಲಿ ಆಗಲೂ ಈಗಲೂ ಬಾಡಿಗೆಗಿರುವವನು ಪ್ರಸನ್ನ. ಆರ್.ಟಿ. ನಗರದ ಕನ್ನಡಕದಂಗಡಿಯಲ್ಲಿ ಕೆಲಸ. ಹಗಲೆಲ್ಲ ಜನರಿಗೆ ಸಣ್ಣಕ್ಷರ ಓದಿಸುತ್ತಾನೆ, ಸಂಜೆ ಕಪ್ಪು ಅಂಗಿ ತೊಟ್ಟು ತಲೆ ಕುಣಿಸುತ್ತಾನೆ. ಅವನ ಆರಾಧ್ಯದೈವ ಒಂದು ಬ್ಯಾಂಡು. ಹೆಸರು ‘ಗೇಟ್ ಹಾಕಿದೆ’. ಅದರ ಸ್ಥಾಪಕರು ಮೊದಲು ಭೇಟಿಯಾದದ್ದು ಯಲಹಂಕದ ಕಡೆ ರೈಲ್ವೆ ಗೇಟಿನ ಮುಂದೆ, ಗೂಡ್ಸ್ ಗಾಡಿ ಹಾದುಹೋಗಲೆಂದು ಕಾಯುತ್ತ. ಗಾಡಿ ಬಹಳ ಉದ್ದವಿತ್ತಂತೆ. ಅವರ ಹಾಡುಗಳೂ ಹಾಗೆಯೇ.

ಆ ವರ್ಷ ಅವರ ಎರಡನೆಯ ಆಲ್ಬಂ ಬಂತು: ‘ಕೆರೆ ಇತ್ತು’. ಬಂದದ್ದೇ ಸಮರ ಶುರು. ಮೊದಲ ಆಲ್ಬಮ್ಮಿನಲ್ಲಿ ಗುಡುಗು ಸಿಡಿಲು; ಇದರಲ್ಲಿ ನಡುನಡುವೆ ಮೌನ, ಒಂದು ಕೊಳಲು, ಒಂದು ಕಡೆ ಸಾಕ್ಷಾತ್ ಕಪ್ಪೆ. ಒಬ್ಬ ವಿಮರ್ಶಕ ಇದನ್ನು ‘ಪ್ರಬುದ್ಧ’ ಎಂದು ಕರೆದ. ಅಭಿಮಾನಿಗಳಿಗೆ ಅದಕ್ಕಿಂತ ಘೋರವಾದ ಬೈಗುಳ ಬೇಕಿರಲಿಲ್ಲ. ಅದಕ್ಕೆ ಸರಿಯಾಗಿ ಹಳೆಯ ಡ್ರಮ್ಮರ್ ಬ್ಯಾಂಕ್ ಪರೀಕ್ಷೆ ಪಾಸು ಮಾಡಿ ಹೋಗಿ, ಆ ಜಾಗಕ್ಕೆ ಶಿಲ್ಪಾ ಎಂಬ ಹೆಣ್ಣುಮಗಳು ಬಂದಿದ್ದಳು. ಕೆಟ್ಟದ್ದಕ್ಕೆಲ್ಲ ಹೊಸಬರೇ ಕಾರಣ ಎಂಬುದು ಸಂಘ ಸಂಸ್ಥೆಗಳ ಮೂಲ ನಿಯಮ.

“ಅಂಕಲ್, ಅವಳು ಎಲ್ಲಾ ಕೆಡಿಸ್ಬಿಟ್ಳು. ಫಸ್ಟ್ ಆಲ್ಬಂ ಲೆವೆಲ್ಲೇ ಬೇರೆ,” ಎಂದು ಒಂದು ದಿನ ಪ್ರಸನ್ನ ಕೆಳಗಿಳಿದು ಬಂದು ನನ್ನ ಕಿವಿಗೆ ತನ್ನ ಹೆಡ್‌ಫೋನ್ ಏರಿಸಿದ. “ನೀವು ತಾಳ ಎಣಿಸ್ತೀರಲ್ಲ, ಇದ್ನ ಎಣಿಸಿ ನೋಡೋಣ.”

ಸವಾಲು ಹಾಕಿದರೆ ಸುಮ್ಮನಿರುವ ವಂಶ ನಮ್ಮದಲ್ಲ. ಹಾಡು ಹತ್ತೊಂಬತ್ತು ನಿಮಿಷ. ಮೊದಲಿಗೆ ಯಾರೋ ಕಬ್ಬಿಣದ ಬೀರುವನ್ನು ಮೆಟ್ಟಿಲ ಮೇಲಿಂದ ಇಳಿಸುತ್ತಿದ್ದಾರೆ ಅನ್ನಿಸಿತು. ಆಮೇಲೆ ಆ ಬೀರು ಲೆಕ್ಕಾಚಾರವಾಗಿ ಇಳಿಯುತ್ತಿದೆ ಎಂದು ಗೊತ್ತಾಯಿತು. ಎಣಿಸಿದೆ. ಒಂದು ಸುತ್ತಿಗೆ ಹದಿಮೂರು ಏಟು. ಎರಡನೆಯದು ಹದಿಮೂರು. ಮೂರನೆಯದೂ ಹದಿಮೂರು. ನಾಲ್ಕನೆಯದು ಹದಿನಾಲ್ಕು! ಸಿಕ್ಕಿಬಿದ್ದಳು. ಅಷ್ಟರಲ್ಲಿ ಒಳಗಿನಿಂದ ಕಾಫಿ ಆಯಿತೆಂದು ಕೂಗು ಬಂತು. ಡ್ರಮ್ ಬಾರಿಸುತ್ತಿತ್ತು, ಕಾಫಿ ಕರೆಯುತ್ತಿತ್ತು. ನನ್ನ ಕಾಲು ಹಳೆಯ ಅಭ್ಯಾಸಬಲದಿಂದ ಎದ್ದು ನಡೆಯಿತು.

ಆ ತಿಂಗಳ ಅಂಕಣದ ಕೊನೆಯಲ್ಲಿ ಬರೆದೆ: “ನಾಲ್ಕನೆಯ ಸುತ್ತಿನಲ್ಲಿ ತಾಳ ತಪ್ಪಿದೆ. ವಾದಕಿ ಇನ್ನಷ್ಟು ಸಾಧನೆ ಮಾಡಬೇಕು.” ಈ ಎರಡನೆಯ ವಾಕ್ಯವನ್ನು ನಾನು ಎಲ್ಲರಿಗೂ ಬರೆಯುತ್ತೇನೆ. ಹಾಕಲು ಏನೂ ತೋಚದಾಗ ಉಪ್ಪು ಹಾಕಿದ ಹಾಗೆ.

ಪ್ರಸನ್ನ ಅದರ ಫೋಟೊ ತೆಗೆದು ಅಭಿಮಾನಿಗಳ ಗುಂಪಿಗೆ ಬಿಟ್ಟ. ಜನ್ಮದಲ್ಲಿ ಮೊದಲ ಬಾರಿಗೆ ನನಗೆ ಓದುಗರು ದೊರೆತರು. “ಕ್ಲಾಸಿಕಲ್ ಪಂಡಿತರೇ ಹೇಳವ್ರೆ ಮಗಾ” ಎಂದು ಯಾರೋ ಬರೆದಿದ್ದರು. ಎರಡು ದಿನ ಬೀಗಿದೆ. ಮೂರನೆಯ ದಿನ ಫೋನು ಬಂತು.

“ನಮಸ್ಕಾರ ಸಾರ್. ಶಿಲ್ಪಾ ಅಂತ, ಡ್ರಮ್ಸ್ ಬಾರಿಸ್ತೀನಿ. ಒಂದೇ ಮಾತು ಕೇಳ್ಬೇಕಿತ್ತು. ನೀವು ಹಾಡು ಪೂರ್ತಿ ಕೇಳಿದ್ರಾ?”

ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

“ಯಾಕಂದ್ರೆ ಸಾರ್, ಆಲ್ಬಮ್ಮನ್ನ ಪ್ಲೇಟು ಮಾಡಿಸ್ತಿದ್ದಾರೆ, ಹಳೇ ಕಾಲದ ಗ್ರಾಮಫೋನ್ ಥರ. ಅದಕ್ಕೆ ಮುಂಚೆ ಹಳೇ ಡ್ರಮ್ಮರ್‌ನ ಕರೆಸಿ ನನ್ನ ಭಾಗ ಎಲ್ಲಾ ಮತ್ತೆ ಬಾರಿಸೋಣ ಅಂತ ನವೀನ ಹೇಳ್ತಿದ್ದಾನೆ. ಗಿಟಾರ್ ಅವನ್ದು, ಬ್ಯಾಂಡೂ ಅವನ್ದೇ ಅನ್ಕೊಳಿ. ನಿಮ್ಮ ಎರಡು ಸಾಲು ತೋರಿಸ್ತಾನೆ. ಹಾಗಾದ್ರೆ ನಾನು ಬಿಟ್‌ಬಿಡ್ತೀನಿ ಸಾರ್, ಇನ್ನು ಬಾರ್ಸಲ್ಲ. ಭಾನುವಾರ ಎಲ್ರೂ ನಮ್ಮ ಶೆಡ್ಡಲ್ಲಿ ಸೇರ್ತಾರೆ. ನೀವೂ ಬನ್ನಿ. ಪೂರ್ತಿ ಕೇಳಿ ಅದನ್ನೇ ಹೇಳಿದ್ರೆ ಒಪ್ಕೋತೀನಿ.”

ಆ ಭಾನುವಾರ ಮಧ್ಯಾಹ್ನ ಪ್ರಸನ್ನನ ಬೈಕಿನ ಹಿಂದೆ ಕೂತು ಹೆಸರಘಟ್ಟದ ಕಡೆ ಹೊರಟೆ. ದಾರಿಯುದ್ದಕ್ಕೂ ಅವನು ಮೊದಲ ಆಲ್ಬಮ್ಮಿನ ಮಹಿಮೆ ಹೇಳಿದ; ಗಾಳಿಗೆ ಅರ್ಧ ಹಾರಿಹೋಯಿತು, ದೇವರ ದಯೆ.

ಶೆಡ್ಡು ಶಿಲ್ಪಾಳ ಅಜ್ಜಿಯ ಹಸುವಿನ ಕೊಟ್ಟಿಗೆ. ನಡುವೆ ಗೋಡೆ ಕಟ್ಟಿ, ಗೋಣಿಚೀಲ ಹೊಡೆದು, ಅತ್ತ ಹಸು, ಇತ್ತ ಬ್ಯಾಂಡು. ನಾವು ಹೋದಾಗ ಅಜ್ಜಿ ಆಗಷ್ಟೇ ಹಾಲು ಕರೆದು ಬಾಗಿಲಲ್ಲಿ ಕೂತಿದ್ದರು. ಸುತ್ತಲಿನ ನಾಲ್ಕೈದು ಮನೆಯವರು ಪಾತ್ರೆ ಹಿಡಿದು ನಿಂತಿದ್ದರು. ಪ್ರತಿಯೊಬ್ಬರಿಗೂ ಅಳತೆ ತುಂಬ ಅಳೆದು ಸುರಿಯುವುದು, ಆಮೇಲೆ ಒಂದು ಸಣ್ಣ ಧಾರೆ ಮೇಲೆ ಬಿಡುವುದು. ಒಂದು ಪಾತ್ರೆಗೂ ತಪ್ಪಲಿಲ್ಲ.

“ಈ ಗಲಾಟೇಲಿ ಹಸುಗಳು ಹಾಲು ಕೊಡ್ತವಾ ಅಜ್ಜಿ?” ಎಂದು ಕೇಳಿದೆ.

“ಕೊಡ್ದೆ ಏನ್ ಮಾಡ್ತವೆ ಸ್ವಾಮಿ? ಮೊದಲ್ನೇದು ಚೆಂದಾಗಿತ್ತು, ಎಲ್ಡನೇದು ಚೆಂದಾಗಿಲ್ಲ ಅಂತ ಅವು ಜಗಳ ಆಡಾಕಿಲ್ವಲ್ಲ.”

“ಮೇಲೆ ಅಷ್ಟೊಂದು ಕೊಸರು ಹಾಕ್ತೀರಲ್ಲ!”

“ಅಳ್ದಿದ್ದು ಅವ್ರ ಪಾಲು. ಮ್ಯಾಲೆ ಬಿಟ್ಟಿದ್ದು ನಮ್ ಮರ್ವಾದೆ,” ಎಂದು ಇನ್ನೊಂದು ಪಾತ್ರೆ ಎಳೆದುಕೊಂಡರು. “ಓಗಿ, ಒಳಾಕ್ ಓಗಿ. ಇಂಗೆ ಸೀದಾ.”

ಒಳಗೆ ಹದಿನೈದು ಕಪ್ಪು ಅಂಗಿಗಳು ಚಾಪೆಯ ಮೇಲೆ ಕೂತು ಕಚ್ಚಾಡುತ್ತಿದ್ದವು. “ಕಪ್ಪೆ ಯಾಕೆ ಗುರು ಬೇಕಿತ್ತು?” “ಕೆರೆ ಅಂದ್ರೆ ಕಪ್ಪೆ ಇರಲ್ವೇನೋ?” “ಹಂಗಾದ್ರೆ ಸೊಳ್ಳೇನೂ ಹಾಕ್ಬೇಕಿತ್ತು!” ನನಗೆ ಇದ್ದಕ್ಕಿದ್ದಂತೆ ತವರಿಗೆ ಬಂದ ಹಾಗಾಯಿತು. ನಮ್ಮ ಕಾಲದಲ್ಲಿ ಒಬ್ಬ ವಿದ್ವಾಂಸರು ಪಲ್ಲವಿಯ ನಡುವೆ ಕೆಮ್ಮಿದ್ದು ಶ್ರುತಿಯಲ್ಲಿತ್ತೋ ಇಲ್ಲವೋ ಎಂದು ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು. ಅಂಗಿಯ ಬಣ್ಣ ಬೇರೆ, ಅಷ್ಟೇ.

ಶಿಲ್ಪಾ ಡ್ರಮ್ಮುಗಳ ಹಿಂದೆ ಕೂತಿದ್ದಳು. ನನಗೆ ಕೈಮುಗಿದಳು. ಕೋಲುಗಳು ಮುಗಿದ ಕೈಗಳ ನಡುವೆಯೇ ಇದ್ದವು.

ಶುರುವಾಯಿತು. ಎಂಟನೆಯ ನಿಮಿಷಕ್ಕೆ ಗಿಟಾರುಗಳು ನಿಂತು ಡ್ರಮ್ಮು ಒಂದೇ ಉಳಿಯಿತು. ನನ್ನ ಮೊಣಕಾಲು ತಾನಾಗಿ ನೆಟ್ಟಗಾಗತೊಡಗಿತು. ಪ್ರಸನ್ನ ಅಂಗಿಯ ಚುಂಗು ಹಿಡಿದು ಎಳೆದ. “ಎಲ್ಲಿಗ್ ಅಂಕಲ್? ಕೂತ್ಕೊಳಿ.” ಕೂತೆ. ಬೇರೆ ದಾರಿಯಿಲ್ಲದೆ ಎಣಿಸಿದೆ. ಹದಿಮೂರು, ಹದಿಮೂರು, ಹದಿಮೂರು, ಹದಿನಾಲ್ಕು. ಮತ್ತೆ ಹದಿಮೂರು, ಹದಿಮೂರು, ಹದಿಮೂರು, ಹದಿನಾಲ್ಕು. ಕೊನೆಯವರೆಗೂ, ಒಂದೇ ಒಂದು ಸಲವೂ ತಪ್ಪದೆ. ನಾಲ್ಕು ಸಲ ಬಂದ ತಪ್ಪನ್ನು ತಪ್ಪೆನ್ನಬಹುದು. ಮೂವತ್ತು ಸಲ ಅದೇ ಜಾಗಕ್ಕೆ ಬಂದು ನಮಸ್ಕಾರ ಹೇಳುವುದು ತಪ್ಪಲ್ಲ, ಸಂಪ್ರದಾಯ. ನನ್ನ ಕಿವಿ ಬಿಸಿಯಾಯಿತು. ಅಲ್ಲಿನ ಶಬ್ದದಿಂದಲ್ಲ.

“ಸರಿ, ಬೇಕಂತಲೇ ಹಾಕಿರೋದು, ಗೊತ್ತಾಯ್ತು,” ಎಂದ ನವೀನ. ಅವನು ಕೆಟ್ಟವನಲ್ಲ, ತನ್ನ ಆಲ್ಬಮ್ಮನ್ನು ತಾನೇ ಹೆದರಿ ನೋಡುವ ಮನುಷ್ಯ. “ಆದ್ರೆ ಬೇಕಾ ಅದು? ಕೇಳೋರು ಎಡವ್ತಾರೆ. ಶಿಲ್ಪಾ, ಆ ಕಡೇ ಏಟು ಬಿಟ್ಟು ಒಂದ್ಸಲ ಬಾರ್ಸು.”

ಆಕೆ ಬಾರಿಸಿದಳು. ನಾಲ್ಕೂ ಸುತ್ತು ಹದಿಮೂರು. ಅಚ್ಚುಕಟ್ಟು. ಇಸ್ತ್ರಿ ಮಾಡಿದ ಹಾಗೆ. ಹೀಗೆ ಎರಡು ಮೂರು ಸಲ ಸುತ್ತಿ ಬಂದಿರಬೇಕು, ಬಾಗಿಲಲ್ಲಿ ಅಜ್ಜಿ ಕಾಣಿಸಿಕೊಂಡರು. ಕೈಯಲ್ಲಿ ಹಾಲಿನ ಅಳತೆ, ಮುಖದಲ್ಲಿ ಅಸಮಾಧಾನ.

“ಯಾಕವ್ವಾ ಸಿಲ್ಪಾ, ಇವತ್ತು ಕೊಸರೇ ಆಕ್ತಾ ಇಲ್ಲ?”

ಡ್ರಮ್ಮು ನಿಂತಿತು. ತಿಂಗಳುಗಟ್ಟಲೆ ಗೋಡೆಯಾಚೆಯಿಂದ ಕೇಳಿಕೊಂಡು ಬಂದ ಆ ಮುದುಕಿಗೆ ಯಾವ ವಿಮರ್ಶಕನಿಗೂ ಹೊಳೆಯದ್ದು ಎಂದೋ ಹೊಳೆದಿತ್ತು. ಅದಕ್ಕೊಂದು ಹೆಸರೂ ಇಟ್ಟಾಗಿತ್ತು.

“ನೀನು ಅಜ್ಜಿಯಿಂದ ಕಲಿತದ್ದೇನಮ್ಮ ಇದು?” ಎಂದು ಕೇಳಿದೆ.

ಶಿಲ್ಪಾ ನಕ್ಕಳು. “ಸುಳ್ಳು ಯಾಕ್ ಹೇಳ್ಲಿ ಸಾರ್. ಮೊದಲನೇ ಸಲ ಕೈತಪ್ಪಿ ಬಿದ್ದಿದ್ದು. ಆಮೇಲೆ ಹದಿಮೂರಕ್ಕೇ ನಿಲ್ಸೋಕೆ ಹೋದ್ರೆ ಏನೋ ಜಿಪುಣತನ ಅನ್ಸೋದು.”

ಈಗ ಎಲ್ಲರ ಕಣ್ಣೂ ನನ್ನ ಮೇಲೆ. ಪಂಡಿತರು ನುಡಿಯಬೇಕು. ನಾನು ಎದ್ದೆ, ಕಾಫಿಗಲ್ಲ. “ಮಹಾಜನರೇ, ತಾಳ ತಪ್ಪಿಲ್ಲ. ತಪ್ಪಿದ್ದು ನಾನು. ನಾಲ್ಕು ಸುತ್ತು ಕೇಳಿ, ಕಾಫಿ ಕುಡಿಯಲು ಎದ್ದುಹೋಗಿ, ಆಮೇಲೆ ತೀರ್ಪು ಬರೆದೆ. ಸಾಧನೆ ಮಾಡಬೇಕಾದವನು ಬೇರೆ ಇದ್ದಾನೆ,” ಎಂದೆ. ಇಷ್ಟು ವರ್ಷ ವಿಮರ್ಶೆ ಬರೆದಿದ್ದರೂ ಇಷ್ಟು ಸಣ್ಣ ಮಾತು ಆಡಲು ಇಷ್ಟು ಉಸಿರು ಬೇಕೆಂದು ನನಗೆ ಗೊತ್ತಿರಲಿಲ್ಲ.

“ಅಂಕಲ್ ಪ್ಲೇಟ್ ಚೇಂಜ್ ಮಾಡ್ಬಿಟ್ರು ಮಚ್ಚಾ!” ಎಂದು ಪ್ರಸನ್ನ ಕೂಗಿದ. ಎಲ್ಲರೂ ನಕ್ಕರು, ನವೀನನೂ ಸೇರಿ. ನಕ್ಕು ಮುಗಿದ ಮೇಲೆ ಅವನು ಗಿಟಾರಿನ ಪಟ್ಟಿ ಸರಿಮಾಡಿಕೊಂಡು, “ಕೊಸರು ಹಾಕೇ ಬಾರ್ಸು. ಪ್ಲೇಟಲ್ಲೂ ಅದೇ ಇರ್ಲಿ,” ಎಂದ. ಶಿಲ್ಪಾ ಕೋಲುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಆಮೇಲೆ ಬಾರಿಸಿದಳು ನೋಡಿ! ಆಚೆ ಹಸುಗಳ ಬಗ್ಗೆ ನನಗೆ ಮೊದಲ ಬಾರಿ ಚಿಂತೆಯಾಯಿತು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರೆದೆ. ಅದರ ಫೋಟೊವನ್ನು ಯಾರೂ ತೆಗೆಯಲಿಲ್ಲ. ತಿದ್ದುಪಡಿಗಳ ಗತಿಯೇ ಅಷ್ಟು. ಅಂದಿನಿಂದ ತನಿ ಆವರ್ತನಕ್ಕೆ ನಾನು ಕೂತೇ ಇರುತ್ತೇನೆ. ಬೋಂಡಾ ಸಿಗುವುದಿಲ್ಲ. ಮೃದಂಗದವರು ಮಾತ್ರ ಈಗ ನನ್ನನ್ನು ನೋಡಿ ನಗುತ್ತಾರೆ.

ಈವತ್ತು ಲಕ್ಷ್ಮಮ್ಮನ ಕೊತ್ತಂಬರಿಯನ್ನು ಅಡಿಗೆಮನೆಗೆ ಮುಟ್ಟಿಸಿ ಮಾಳಿಗೆ ಹತ್ತಿದೆ. ‘ಗೇಟ್ ಹಾಕಿದೆ’ಯ ಮೂರನೆಯ ಆಲ್ಬಂ ನಿನ್ನೆಯಷ್ಟೇ ಬಂದಿದೆ, ಅದರಲ್ಲೂ ಡ್ರಮ್ಮು ಶಿಲ್ಪಾಳದೇ. ಪ್ರಸನ್ನ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ.

“ಹೇಗಿದೆಯೋ?”

“ಏನೂ ದಮ್ಮಿಲ್ಲ ಅಂಕಲ್,” ಎಂದು ನಿಟ್ಟುಸಿರು ಬಿಟ್ಟ. “ಏನೇ ಹೇಳಿ, ಎರಡನೇ ಆಲ್ಬಂ ಲೆವೆಲ್ಲೇ ಬೇರೆ. ಆ ಕೊಸರಿತ್ತಲ್ಲ, ಆಹಾ!”

ಹೆಡ್‌ಫೋನ್ ಈಸಿಕೊಂಡು, ಗೋಡೆಗೊರಗಿ, ಕೈಯನ್ನು ತೊಡೆಯ ಮೇಲಿಟ್ಟೆ. ಕೆಳಗಿನಿಂದ ಕಾಫಿ ಆಯಿತೆಂದು ಕೂಗು ಬಂತು. ಹಾಡು ಇಪ್ಪತ್ತಮೂರು ನಿಮಿಷ ಇತ್ತು.

“ಆರಲಿ ಬಿಡು,” ಎಂದೆ.