ಬಹುಮತದಿಂದ ಹೊರಬಿದ್ದ ಅಳಿಯ

ಹೇಳಿಕೊಳ್ಳಲು ಈಗ ಸಂಕೋಚವೇನಿಲ್ಲ. ನನ್ನನ್ನು ಒಮ್ಮೆ ಬಹುಮತದಿಂದ ಮನೆಯಿಂದ ಹೊರಗೆ ಹಾಕಿದ್ದಾರೆ. ಅದೂ ಹೆಂಡತಿಯ ತವರುಮನೆಯಿಂದ. ಜಗಳವಾಡಿ ಅಳಿಯನನ್ನು ಓಡಿಸಿದವರುಂಟು, ಅಳಿಯನೇ ಮುನಿಸಿಕೊಂಡು ಎದ್ದು ಹೋದದ್ದೂ ಉಂಟು. ಆದರೆ ಸ್ಟೀಲ್ ಡಬ್ಬಿಯಲ್ಲಿ ಗುಪ್ತ ಮತದಾನ ನಡೆಸಿ, ಎಲ್ಲರೆದುರು ಚೀಟಿ ಎಣಿಸಿ, ಚಪ್ಪಾಳೆ ತಟ್ಟಿ ಕಳಿಸಿಕೊಟ್ಟದ್ದು ನಮ್ಮ ಸೀಮೆಯಲ್ಲಿ ನನ್ನೊಬ್ಬನನ್ನೇ ಇರಬೇಕು.

ಆಗ ನಾನು ಕಲಬುರಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಖೂಬಾ ಪ್ಲಾಟಿನಲ್ಲಿದ್ದ ನಮ್ಮ ಹಳೆಯ ಮನೆಯ ಮಾಳಿಗೆ ಸೋರುತ್ತಿತ್ತು. ಬಿಚ್ಚಿ ಹೊಸದಾಗಿ ಹಾಕಿಸೋಣವೆಂದರೆ ಗೌಂಡಿ, "ಹದಿನೈದ ದಿನದ ಕೆಲಸರಿ ಸಾಹೇಬ್ರ, ಆರಾಮ ಎಲ್ಲಾದರೂ ಇದ್ದು ಬರ್ರಿ" ಎಂದ. ಹೆಂಡತಿ ಸುನಂದಾಳಿಗೆ 'ಎಲ್ಲಾದರೂ' ಎಂದರೆ ಕಮಲಾಪುರ, ಅವಳ ತವರು. ಬಸ್ಸಿನಲ್ಲಿ ಕಪನೂರ ದಾಟಿ ತುಸು ಹೊತ್ತು ತೂಕಡಿಸಿದರೆ ಬಂದೇಬಿಡುವ ಊರು. ನಾನು ಅಲ್ಲಿಂದಲೇ ಕಚೇರಿಗೆ ಓಡಾಡತೊಡಗಿದೆ. ಹದಿನೈದು ದಿನ ಹೋಗಿ ತಿಂಗಳಾಯಿತು, ತಿಂಗಳು ಎರಡಾಯಿತು. ಗೌಂಡಿ ನಮ್ಮ ಮನೆಯ ಗೋಡೆಗೆ ಪುಟ್ಟಿ, ಸಲಿಕೆ ಒರಗಿಸಿಟ್ಟು ಬೇರೆಯವರ ಮಾಳಿಗೆ ಹಾಕಲು ಹೋಗಿದ್ದ.

ಅತ್ತೆಮನೆಯಲ್ಲಿ ಅಳಿಯನ ಮಾನವನ್ನು ತಾಟಿನಲ್ಲಿ ನೋಡಿ ತಿಳಿಯಬಹುದು. ಮೊದಲ ವಾರ ಹೋಳಿಗೆ, ಮೇಲೆ ತುಪ್ಪ. ಎರಡನೆಯ ವಾರ ಚಪಾತಿ. ತಿಂಗಳು ತುಂಬುವಷ್ಟರಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಅದೂ "ನೀವ ಹಾಕ್ಕೋರಿ" ಎಂಬ ಸಲಿಗೆಯೊಂದಿಗೆ. ಅಳಿಯ ಎಂಬ ನಾಮಪದಕ್ಕೂ ಅಳಿ ಎಂಬ ಕ್ರಿಯಾಪದಕ್ಕೂ ಸಂಬಂಧವಿಲ್ಲವೆಂದು ವ್ಯಾಕರಣ ಬಲ್ಲ ಗೆಳೆಯನೊಬ್ಬ ಹೇಳುತ್ತಾನೆ. ಅವನಿನ್ನೂ ಮದುವೆಯಾಗಿಲ್ಲ.

ನಾವು ಹೋದ ವಾರವೇ ಟೀವಿಯಲ್ಲಿ ಆ ಹಿಂದಿ ಕಾರ್ಯಕ್ರಮ ಶುರುವಾಯಿತು. ಹತ್ತು ಹನ್ನೆರಡು ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಮೂಲೆಮೂಲೆಗೆ ಕ್ಯಾಮರಾ ಇಟ್ಟು, ಅವರು ತಿನ್ನುವುದು, ಜಗಳಾಡುವುದು, ಅಳುವುದು ಎಲ್ಲವನ್ನೂ ದೇಶಕ್ಕೆ ತೋರಿಸುವುದು. ವಾರಕ್ಕೊಬ್ಬರನ್ನು ಹೊರಗೆ ಕಳಿಸುವುದು. ಮೊದಲ ದಿನ ನೋಡಿದ ನಮ್ಮ ಮಾವ ಶಿವಶರಣಪ್ಪನವರು, "ಇದರಾಗ ಏನ ವಿಶೇಷ ಅದ? ನಮ್ಮ ಮನ್ಯಾಗ ನಲವತ್ತ ವರ್ಷದಿಂದ ಇದೇ ನಡದದ, ಒಬ್ಬರೂ ಕ್ಯಾಮರಾ ತರಲಿಲ್ಲ" ಎಂದರು. ಎರಡನೆಯ ದಿನ ಅವರೇ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು.

ದಿನಾ ಸಂಜೆ ಮನೆಯವರೆಲ್ಲ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಟೀವಿಯ ಎದುರಿಗಿದ್ದ ಒಂದೇ ಒಂದು ಬೆತ್ತದ ಕುರ್ಚಿ ನನಗೆ ಮೀಸಲು. ಮಾವ ಮಂಚದ ಮೇಲೆ. ಸುನಂದಾ, ಅವಳ ಅಣ್ಣ ಬಸವರಾಜ, ಅವನ ಹೆಂಡತಿ ಮಹಾದೇವಿ, ಅವರ ಮಗಳು, ಕಾಲೇಜಿಗೆ ಹೋಗುವ ಅಕ್ಷತಾ, ಎಲ್ಲ ಚಾಪೆಯ ಮೇಲೆ. ಅತ್ತೆ ಗೌರಮ್ಮನವರು ಮಾತ್ರ ಇರುತ್ತಿರಲಿಲ್ಲ. ಅವರಿಗೆ ಇಂಥದ್ದೆಲ್ಲ ಸೇರುವುದಿಲ್ಲವೆಂದು ನಾನು ತಿಳಿದಿದ್ದೆ. ನನ್ನ ತಿಳಿವಳಿಕೆಯ ಬಗ್ಗೆ ನನಗೆ ಆಗ ಬಹಳ ಗೌರವವಿತ್ತು.

ಒಂದು ಶನಿವಾರ ಅಕ್ಷತಾ ಘೋಷಿಸಿದಳು: "ನಾಳಿ ನಮ್ಮ ಮನ್ಯಾಗೂ ವೋಟಿಂಗ್. ಎಲ್ಲಾರೂ ಒಂದೊಂದ ಹೆಸರ ಬರದು ಈ ಡಬ್ಬ್ಯಾಗ ಹಾಕ್ರಿ. ಜಾಸ್ತಿ ವೋಟ್ ಯಾರಿಗಿ ಬೀಳ್ತಾವೋ ಅವರು ಒಂದ ದಿನ ಪಡಸಾಲಿಗಿ ಬರಂಗಿಲ್ಲ." ತಮಾಷೆಯೆಂದು ಎಲ್ಲರೂ ಒಪ್ಪಿದರು. ನಾನಂತೂ ಯಾವ ಆತಂಕವೂ ಇಲ್ಲದೆ ಒಪ್ಪಿದೆ. ಅಳಿಯನನ್ನು ಯಾರು ಹೊರಹಾಕುತ್ತಾರೆ?

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದೆ. ಬಾಗಿಲ ಮರೆಯಿಂದ ಅತ್ತೆಯವರ ದನಿ ಬಂತು.

"ಒಂದ ಹೆಸರ ಬರಕೊಡಬೇಕಾಗಿತ್ತು."

ಸುತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ. ಮದುವೆಯಾದ ಎಂಟು ವರ್ಷಗಳಲ್ಲಿ ಅತ್ತೆ ನೇರವಾಗಿ ನನ್ನೊಡನೆ ಮಾತಾಡಿದ್ದೇ ಇಲ್ಲ. ಚಹಾ ಬೇಕೇ ಎಂಬುದನ್ನೂ "ಅವರಿಗಿ ಕೇಳವ್ವಾ" ಎಂದು ಮಗಳ ಮೂಲಕವೇ ಕೇಳಿಸುತ್ತಿದ್ದರು.

"ಹೇಳ್ರಿ ಅತ್ತಿ, ಬರೀತೀನಿ" ಎಂದೆ, ಅರ್ಧ ಮುಖಕ್ಕೆ ಸಾಬೂನಿನ ನೊರೆ ಇಟ್ಟುಕೊಂಡೇ.

"ಸುನಂದಾಗ ಹೇಳಿದರ ಅಳ್ತಾಳ. ಸೊಸಿಗಿ ಹೇಳಿದರ ಓಣಿಗೆಲ್ಲ ಗೊತ್ತಾಗ್ತದ. ನೀವು ಆಫೀಸಿನಾಗ ಇರೋರು, ಬಾಯಿ ಬಿಡಂಗಿಲ್ಲ."

ಮಹಾದೇವಿಯ ಹೆಸರೇ ಇರಬೇಕೆಂದು ಊಹಿಸಿದೆ. ಒಳಗೊಳಗೇ ಖುಷಿಯೂ ಆಯಿತು.

"ಸಿಟ್ಟಿಗೇಳಬ್ಯಾಡ್ರಿ ಮತ್ತ. ನಿಮ್ಮ ಹೆಸರೇ ಬರೀರಿ."

ಕೈಯಲ್ಲಿದ್ದ ರೇಜರ್ ಗಲ್ಲಕ್ಕೆ ತಾಗಿತು. ಅತ್ತೆಯವರು ಹೇಳುತ್ತಲೇ ಹೋದರು. ಒಮ್ಮೆ ಶುರುವಾದದ್ದನ್ನು ಮುಗಿಸಿಯೇ ಬಿಡಬೇಕೆಂಬ ಆತುರ ಆ ದನಿಯಲ್ಲಿತ್ತು.

"ನೀವು ಕೆಟ್ಟವರಂತಲ್ರಿ. ದೇವರಂಥವರು ನೀವು. ಆದರ ದೇವರು ಪಡಸಾಲ್ಯಾಗ ಕುಂತರ ನಾ ಎಲ್ಲಿ ಕೂಡ್ಲಿ? ಅಳಿಯನ ಮುಂದ ಕುರ್ಚಿ ಮ್ಯಾಲ ಕೂಡಬಾರದು, ಕಾಲ ಚಾಚಬಾರದು, ಜೋರಾಗಿ ನಗಬಾರದು. ಎರಡ ತಿಂಗಳಾತು, ತಲಿಮ್ಯಾಲಿನ ಸೆರಗ ಇಳಿಸಿಲ್ಲ ನಾನು. ಮಂಡಿ ಹಿಡದಾವ. ಆ ಟೀವ್ಯಾಗಿನ ಮಂದಿ ಎಲ್ಲಾರ ದನೀನೂ ನನಗ ಗೊತ್ತದ. ಯಾವಾಕಿ ಸುಳ್ಳ ಅಳ್ತಾಳ, ಯಾವಾಂವ ಚಾಡಿ ಹೇಳ್ತಾನ, ಎಲ್ಲಾ ಗೊತ್ತದ. ಮಾರಿ ಮಾತ್ರ ಒಬ್ಬರದೂ ನೋಡಿಲ್ಲ. ಅಡಗಿ ಮನ್ಯಾಗ ನಿಂತೇ ಕೇಳ್ತೀನಿ."

ಇಷ್ಟು ಹೇಳಿ ಚೀಟಿಯೊಂದನ್ನು ಬಾಗಿಲ ಸಂದಿಯಿಂದ ಚಾಚಿದರು. ಅಡುಗೆಮನೆಯ ಅರಿಶಿನ ಹತ್ತಿದ ಚೀಟಿ.

ಒಂದು ಕ್ಷಣ ದುರ್ಬುದ್ಧಿ ಬಂತೆಂದು ಒಪ್ಪಿಕೊಳ್ಳುತ್ತೇನೆ. ಅವರಿಗೆ ಓದಲು ಬರುವುದಿಲ್ಲ; ಮಾವನ ಹೆಸರು ಬರೆದುಕೊಟ್ಟರೂ ನಡೆಯುತ್ತಿತ್ತು. ಆದರೆ ಎರಡು ತಿಂಗಳು ನಾನು ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ನಗುತ್ತಿದ್ದಾಗ, ಗೋಡೆಯಾಚೆ ಒಬ್ಬರು ಮಂಡಿನೋವು ಹಿಡಿದುಕೊಂಡು ನಿಂತಿದ್ದರಲ್ಲ, ಆ ಚಿತ್ರ ಕಣ್ಣ ಮುಂದಿನಿಂದ ಕದಲಲಿಲ್ಲ. ಅಕ್ಷರ ಯಾರಿಗೂ ಗುರುತು ಸಿಗಬಾರದೆಂದು ಎಡಗೈಯಲ್ಲಿ ನನ್ನ ಹೆಸರು ಬರೆದು, ಮಡಚಿ ಕೊಟ್ಟೆ.

"ಬರದೀರಿ?" ಎಂದರು.

"ಬರದೀನ್ರಿ."

"ನಿಮ್ಮದೇ?"

"ನಂದೇರಿ ಅತ್ತಿ."

ಮಧ್ಯಾಹ್ನ ಅಕ್ಷತಾ ಡಬ್ಬಿ ತೆರೆದಳು. ಏಳು ಚೀಟಿ. ಮಹಾದೇವಿಗೆ ಒಂದು, ಬಸವರಾಜನಿಗೆ ಒಂದು, ಮಾವನಿಗೆ ಎರಡು, ನನಗೂ ಎರಡು! ಈ ಎರಡು ಯಾರವೆಂದು ನಾನು ಬೆರಗಾಗುತ್ತಿರುವಾಗಲೇ ಕೊನೆಯ ಚೀಟಿ ಬಿಚ್ಚಿಕೊಂಡಿತು.

"ಮಾಮಾ, ನೀವೇ ಔಟ್!" ಎಂದಳು ಅಕ್ಷತಾ. ಮತ್ತೆ ಚೀಟಿಯನ್ನು ತಿರುಗಿಸಿ ನೋಡಿ, "ಇದ್ಯಾರ ಅಕ್ಷರ, ಕೋಳಿ ಕೆದರಿದಂಗ ಅದ?" ಎಂದಳು.

ಎಲ್ಲರೂ ಮಾವನತ್ತ ತಿರುಗಿದರು. ಅವರು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ; ಅವರ ಕನ್ನಡ ಅಕ್ಷರಗಳು ಮನೆಗೆಲ್ಲ ತಮಾಷೆಯ ವಸ್ತು.

"ಅಲ್ಲಾ, ನಾ ಯಾಕ ಅಳಿಯಂದ್ರ ಹೆಸರ ಬರೀಲಿ? ಖುದಾ ಕಸಮ್, ಬಸವಣ್ಣನಾಣಿ, ನಾ ಬರದಿಲ್ಲ!" ಎಂದು ಎರಡೂ ಕಡೆಯ ಆಣೆ ಹಾಕಿದರು. ಯಾರೂ ನಂಬಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹೆದರಿಕೆಯೋ ನಗುವೋ, ತಿಳಿಯಲಿಲ್ಲ.

"ಜನರ ತೀರ್ಪು" ಎಂದು ನಾನೂ ಎದ್ದುನಿಂತೆ. ಶಿಕ್ಷೆ ಒಂದು ದಿನ ಪಡಸಾಲೆ ಬಿಡುವುದಷ್ಟೇ; ಆದರೆ ಅತ್ತೆಯವರ ಮಂಡಿಗೆ ಒಂದು ದಿನ ಸಾಲದೆಂದು ನನಗೆ ಗೊತ್ತಿತ್ತು. ಕಚೇರಿಯಲ್ಲಿ ತಪಾಸಣೆಯಿದೆ, ಹೇಗೂ ಹೋಗಲೇಬೇಕು, ಗೌಂಡಿಯ ಬೆನ್ನು ಹತ್ತಿ ಕೆಲಸವನ್ನೂ ಮುಗಿಸುತ್ತೇನೆ ಎಂದು ಬ್ಯಾಗು ತುಂಬಿಕೊಂಡೆ. ಟೀವಿಯಲ್ಲಿ ಮಾಡುವಂತೆಯೇ ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಬಸ್ ಸ್ಟ್ಯಾಂಡಿನವರೆಗೆ ಬಂದ ಸುನಂದಾಳನ್ನು, "ಉಳದ ಎರಡರಾಗ ಒಂದ ನಿಂದೇನು?" ಎಂದು ಕೇಳಿದೆ.

"ವೋಟ್ ಗುಪ್ತ ಇರ್ತದ" ಎಂದಳು ಆಕೆ, ಬರುವ ಬಸ್ಸಿನ ಕಡೆ ನೋಡುತ್ತ.

ಖೂಬಾ ಪ್ಲಾಟಿನಲ್ಲಿ ಅರ್ಧ ಮಾಳಿಗೆ, ಅರ್ಧ ತಾಡಪತ್ರಿಯ ಕೆಳಗೆ ವಾಸ ಹೂಡಿದೆ. ಮಾಲೀಕ ಕಣ್ಣೆದುರೇ ಕೂತದ್ದನ್ನು ಕಂಡು ಗೌಂಡಿಯೂ ನಾಚಿ ಕೆಲಸಕ್ಕೆ ಬಂದ.

ಮುಂದಿನ ವಾರ ಸುನಂದಾಳನ್ನು ಕರೆತರಲು ಕಮಲಾಪುರಕ್ಕೆ ಹೋದೆ. ಬಸ್ಸು ತಡವಾಗಿ ಸಂಜೆಯಾಗಿತ್ತು. ಬಾಗಿಲು ತೆರೆದೇ ಇತ್ತು, ಟೀವಿ ಗದ್ದಲ ಬೀದಿಗೆ ಕೇಳುತ್ತಿತ್ತು. ಕಿಟಕಿಯಿಂದ ನೋಡಿದರೆ, ಬೆತ್ತದ ಕುರ್ಚಿಯಲ್ಲಿ ಅತ್ತೆಯವರು! ಕಾಲು ಎದುರಿನ ಸ್ಟೂಲಿನ ಮೇಲೆ, ಸೆರಗು ಹೆಗಲ ಮೇಲೆ. ತಲೆಗೂದಲು ಅಷ್ಟು ಬೆಳ್ಳಗಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪರದೆಯ ಮೇಲೆ ಅಳುತ್ತಿದ್ದ ಹುಡುಗಿಗೆ ಕೈಯೆತ್ತಿ, "ಏ ಮಳ್ಳಿ, ಸಾಕ ಮಾಡು! ನಿನ್ನ ದನಿ ಕೇಳೇ ಹೇಳಿದ್ದೆ ನಾ, ನೀ ಇಂಥಾಕಿ ಅಂತ!" ಎಂದು ಬೈದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಾನು ಹಿಂದೆ ಸರಿದು ಕಟ್ಟೆಯ ಮೇಲೆ ಕೂತೆ. ಎದುರುಮನೆಯ ದರ್ಜಿ ಮಹಬೂಬ್ ಸಾಬರು ಮಷೀನು ನಿಲ್ಲಿಸಿ, "ಕ್ಯಾ ಜಮಾಯಿ ಸಾಬ್, ಅಳಿಯಂದ್ರು ಹೊರಗ್ಯಾಕ ಕುಂತೀರಿ? ಒಳಗ ಹೋಗ್ರಿ" ಎಂದರು.

"ಹೋಗ್ತೀನ್ರಿ. ಪ್ರೋಗ್ರಾಂ ಮುಗೀಲಿ" ಎಂದೆ.

ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು. ಮಹಬೂಬ್ ಸಾಬರು ಚಹಾ ತರಿಸಿದರು. ಒಳಗಿನಿಂದ ಅತ್ತೆಯವರ ನಗು ಅಲೆಯಲೆಯಾಗಿ ಬರುತ್ತಿತ್ತು. ಮನೆಯವರಿಗೆ ಅಳಿಯನಿಂದ ಸಿಗಬಹುದಾದ ಸುಖಗಳಲ್ಲಿ ಅವನ ಗೈರುಹಾಜರಿಯೂ ಒಂದು ಎಂಬುದು ನನಗೆ ಹೊಳೆದದ್ದು ಆ ಕಟ್ಟೆಯ ಮೇಲೆ. ಎಂಟು ವರ್ಷದಲ್ಲಿ ಅತ್ತೆಯವರಿಗೆ ನಾನು ಕೊಟ್ಟ ಒಳ್ಳೆಯ ಉಡುಗೊರೆ ಅದೊಂದೇ. ಬಸ್ಸು ಇನ್ನೂ ಸ್ವಲ್ಪ ತಡವಾಗಿ ಬಂದಿದ್ದರೂ ನಡೆಯುತ್ತಿತ್ತು ಅಂದುಕೊಂಡು ಚಹಾ ಆರಿಸಿ ಆರಿಸಿ ಕುಡಿದೆ.